ಮನೆ ಆರೈಕೆಗೆ ಇನ್ನೊಂದು ಕೈ: ಆಟಿಸಂ, ಬೌದ್ಧಿಕ ಅಂಗವಿಕಲತೆ ಇರುವವರ ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಿಂದ ನನಗೆ ಬರುವ ಫೋನುಗಳಲ್ಲಿ ಮಾತು ಹೆಚ್ಚುಕಡಿಮೆ ಒಂದೇ. "ಮಗನನ್ನು ನೋಡಿಕೊಳ್ಳಲಿಕ್ಕೆ ಒಬ್ಬರನ್ನು ಇಟ್ಟುಕೊಂಡೆವು, ನಾಲ್ಕನೇ ದಿನಕ್ಕೆ ಬಿಟ್ಟು ಹೋದರು." ಕೆಲವರದ್ದು ಇದಕ್ಕಿಂತ ಸಂಕಟದ ಮಾತು: "ಅವರು ಬಿಟ್ಟು ಹೋಗಲಿಲ್ಲ. ಆದರೆ ಮಗಳು ಮೊದಲಿನ ಹಾಗಿಲ್ಲ."

ಎರಡಕ್ಕೂ ಕಾರಣ ಒಂದೇ. ನಾವು ಮೊದಲು ಆರೈಕೆಗೆ ಜನ ತರುತ್ತೇವೆ, ಆಮೇಲೆ ಅವರಿಗೆ ಹೇಳಿಕೊಡಲು ಶುರುಮಾಡುತ್ತೇವೆ. ಹೇಳಿಕೊಡಬೇಕಾದದ್ದೆಲ್ಲ ಅಮ್ಮನ ತಲೆಯಲ್ಲಿ ಮಾತ್ರ ಇರುತ್ತದೆ, ಮತ್ತು ಅಮ್ಮನಿಗೆ ಅದು ಎಷ್ಟು ರೂಢಿಯಾಗಿದೆ ಎಂದರೆ ಹೇಳಬೇಕು ಎಂದೇ ಹೊಳೆಯುವುದಿಲ್ಲ. ನನ್ನ ತಮ್ಮನಿಗೆ ಈಗ 31 ವರ್ಷ. ಆಟಿಸಂ ಇದೆ, ಜೊತೆಗೆ ಬೌದ್ಧಿಕ ಅಂಗವಿಕಲತೆಯೂ ಇದೆ. ನಮ್ಮಲ್ಲಿ ಮೂವರು ಬಂದು ಹೋದರು, ನಾಲ್ಕನೆಯವರು ನಿಂತರು. ಆ ಮೂವರು ಕೆಟ್ಟವರೇನಲ್ಲ. ಅಷ್ಟರೊಳಗೆ ನಾವು ಕೆಲಸದ ಕ್ರಮ ಬದಲಿಸಿದ್ದೆವು, ಅಷ್ಟೆ. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಮುಗಿಯಲು ಎರಡು ತಿಂಗಳು ಬೇಕು. ನಡುವಿನ ಹಂತ ಹಾರಿಸಿದರೆ ಮತ್ತೆ ಮೊದಲಿನಲ್ಲಿಗೇ ಬರುತ್ತೀರಿ.

## ಮೊದಲೇ ತಂದಿಡಬೇಕಾದ ಸಾಮಾನು

200 ಪುಟದ ಗೆರೆ ಹಾಕಿದ ಪುಸ್ತಕ ಒಂದು, ಅದಕ್ಕೆ ದಾರ ಕಟ್ಟಿದ ಪೆನ್ನು. ದಾರ ಕಟ್ಟದಿದ್ದರೆ ಮೂರನೇ ದಿನಕ್ಕೆ ಪೆನ್ನು ಸಿಗುವುದಿಲ್ಲ, ನಾಲ್ಕನೇ ದಿನಕ್ಕೆ ಬರೆಯುವುದು ನಿಲ್ಲುತ್ತದೆ. ದೊಡ್ಡ ಅಂಕಿಗಳ ಗೋಡೆ ಗಡಿಯಾರ, ವಾರದ ಏಳು ದಿನಕ್ಕೂ ಖಾನೆ ಇರುವ ಮಾತ್ರೆ ಡಬ್ಬಿ, ತೂಕ ನೋಡುವ ಯಂತ್ರ, ಗೇಟಿಗೆ ಒಂದು ಗಂಟೆ.

ಇವುಗಳ ಜೊತೆಗೆ 15ರಿಂದ 20 ಫೋಟೊ. ನಿಮ್ಮ ಮನೆಯ ವಸ್ತುಗಳನ್ನೇ ಫೋನಿನಲ್ಲಿ ತೆಗೆದು, ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ: ಅವರು ಕುಡಿಯುವ ಲೋಟ, ಬಚ್ಚಲ ಬಾಗಿಲು, ಅವರ ತಟ್ಟೆ, ಮೈ ಒರಸುವ ಬೈರಾಸು, ಮನೆ ಮುಂದೆ ನಿಲ್ಲುವ ಬಸ್ಸು. ಇಂಟರ್‌ನೆಟ್ಟಿನಿಂದ ತೆಗೆದ ಲೋಟದ ಚಿತ್ರ ಬೇಡ. ಆಟಿಸಂ ಇರುವ ಹಲವರಿಗೆ ಆ ಲೋಟ ಬೇರೆಯೇ ಲೋಟ; ಅದಕ್ಕೂ ತನ್ನ ಬಾಯಾರಿಕೆಗೂ ಸಂಬಂಧ ಕಾಣುವುದಿಲ್ಲ.

## ಹಂತ 1: ಎರಡು ವಾರ ನೋಡಿ, ಬರೆಯಿರಿ

ಯಾರನ್ನೂ ಹುಡುಕಲು ಹೊರಡಬೇಡಿ. ಮೊದಲ ಎರಡು ವಾರ ಏನನ್ನೂ ಬದಲಿಸದೆ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಎದ್ದ ಸಮಯ, ತಿಂದದ್ದು, ಮಲಮೂತ್ರ, ನಿದ್ದೆ, ಸಿಟ್ಟು ಬಂದದ್ದು, ನಕ್ಕದ್ದು. ನಕ್ಕದ್ದನ್ನು ಬಿಡಬೇಡಿ. ಹೆಚ್ಚಿನ ಮನೆಗಳ ಪುಸ್ತಕದಲ್ಲಿ ತೊಂದರೆಯ ಪಟ್ಟಿ ಮಾತ್ರ ಇರುತ್ತದೆ. ಅದನ್ನು ಓದಿದ ಹೊಸಬರು ಹೆದರಿಕೊಂಡೇ ಒಳಗೆ ಬರುತ್ತಾರೆ.

ಎಲ್ಲರೂ ಎಡವುವುದು ಬರೆಯುವ ರೀತಿಯಲ್ಲಿ. "ಬೆಳಿಗ್ಗೆ ತುಂಬ ಹಠ ಮಾಡಿದ" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ನಮ್ಮ ಪುಸ್ತಕದ ಒಂದು ಸಾಲು ಹೀಗಿದೆ: "7.40. ತೋಟದ ಮೋಟರು ಚಾಲೂ. ಕಿವಿ ಮುಚ್ಚಿದ. ಗಂಜಿ ತಟ್ಟೆ ದೂಡಿದ. 8.05ಕ್ಕೆ ಮೋಟರು ನಿಂತಿತು. ತಾನೇ ಬಂದು ಉಂಡ." ಇದರಲ್ಲಿ ಹಠ ಎಂಬ ಮಾತೇ ಇಲ್ಲ, ಆದರೆ ಮಾಡಬೇಕಾದ್ದು ಏನೆಂದು ಓದಿದವರಿಗೆ ಗೊತ್ತಾಗುತ್ತದೆ. ನಾವು ಮೋಟರು ಹಾಕುವ ಹೊತ್ತನ್ನು ಬದಲಿಸಿದೆವು. ಹತ್ತು ವರ್ಷದಿಂದ ನಡೆದು ಬಂದ ಬೆಳಗಿನ ಜಗಳ ಒಂದೇ ವಾರದಲ್ಲಿ ನಿಂತಿತು.

ಪ್ರತಿ ಸಲವೂ ಮೂರು ವಿಷಯ ಬರೆಯಿರಿ: ಅದಕ್ಕೆ ಸ್ವಲ್ಪ ಮೊದಲು ಏನಿತ್ತು, ಏನಾಯಿತು, ಆಮೇಲೆ ನಾವು ಏನು ಮಾಡಿದೆವು. ಮೂರನೆಯದನ್ನು ಬರೆಯಲು ಮುಜುಗರವಾಗುತ್ತದೆ. ಗದರಿದ್ದರೆ ಗದರಿದೆ ಎಂದೇ ಬರೆಯಿರಿ, ಸುಮ್ಮನಿರಿಸಲು ಫೋನು ಕೊಟ್ಟಿದ್ದರೆ ಅದನ್ನೂ. ಬೊಬ್ಬೆ ಹಾಕಿದಾಗಲೆಲ್ಲ ಫೋನು ಸಿಗುತ್ತದೆ ಎಂದಾದರೆ, ಬೊಬ್ಬೆ ಹಾಕಿದರೆ ಫೋನು ಸಿಗುತ್ತದೆ ಎಂದು ಕಲಿಸಿದವರು ನಾವೇ.

ಎಚ್ಚರಿಕೆಯ ಗುರುತು: ಎರಡು ವಾರದ ಪುಟ ತಿರುವಿದಾಗ ಒಂದೇ ಗಂಟೆಗೆ, ಒಂದೇ ಜಾಗದಲ್ಲಿ, ಊಟದ ನಂತರ ಅಥವಾ ಮಲವಿಸರ್ಜನೆಗೆ ಮೊದಲು ತೊಂದರೆ ಮರುಕಳಿಸುತ್ತಿದ್ದರೆ, ಮೂರನೇ ಹಂತಕ್ಕೆ ಹೋಗುವ ಮೊದಲು ಎರಡನೆಯದನ್ನು ತಪ್ಪದೆ ಮುಗಿಸಿ.

## ಹಂತ 2: ಮೈಯ ನೋವು ಇದೆಯೇ ಎಂದು ಮೊದಲು ತಿಳಿಯಿರಿ

ಒಂದು ಮಳೆಗಾಲ ನನ್ನ ತಮ್ಮ ತನ್ನ ಎಡಗೆನ್ನೆಗೆ ಹೊಡೆದುಕೊಳ್ಳಲು ಶುರುಮಾಡಿದ. ಬರೇ ಎಡಗೆನ್ನೆಗೆ, ಮುಷ್ಟಿ ಕಟ್ಟಿ. ಮಳೆಯ ಸದ್ದಿಗೆ ಎಂದುಕೊಂಡೆವು, ಕರೆಂಟು ಹೋಗುವುದಕ್ಕೆ ಎಂದುಕೊಂಡೆವು. ತೋರಿಸಿದ ಕಡೆ "ಇಂಥವರಲ್ಲಿ ಇದು ಇದ್ದದ್ದೇ" ಎಂದು ಮಾತ್ರೆ ಹೆಚ್ಚಿಸಿದರು. ಅವನು ಹಗಲೆಲ್ಲ ತೂಕಡಿಸಿದ, ಎಚ್ಚರವಾದಾಗ ಮತ್ತೆ ಹೊಡೆದುಕೊಂಡ. ಕೊನೆಗೆ ಪುಸ್ತಕದಲ್ಲಿ ಕಣ್ಣಿಗೆ ಬಿದ್ದದ್ದು ಇಷ್ಟು: ಹೊಡೆದುಕೊಳ್ಳುವುದು ಊಟವಾಗಿ ಹತ್ತು ನಿಮಿಷದೊಳಗೆ, ಮತ್ತು ಅವನು ಹಪ್ಪಳ ತಿನ್ನದೆ ಆಗಲೇ ಒಂದು ತಿಂಗಳು. ಹಲ್ಲಿನ ಡಾಕ್ಟರು ಬಾಯಿ ತೆರೆಸಿ ನೋಡಿದರೆ ಎಡ ದವಡೆಯ ಹಲ್ಲು ಬೇರಿನವರೆಗೆ ಹುಳುಕು. ಕೀಳಿಸಿದ ಮೂರನೇ ದಿನಕ್ಕೆ ಕೈ ಕೆಳಗಿಳಿಯಿತು. ಹನ್ನೊಂದು ವಾರ ಅವನು ಹಲ್ಲು ನೋವೆಂದು ತನ್ನ ಮುಷ್ಟಿಯಲ್ಲಿ ಹೇಳುತ್ತಿದ್ದ.

ಮಾತಿನಲ್ಲಿ ಹೇಳಲಾಗದವರು ನೋವನ್ನು ನಡವಳಿಕೆಯಲ್ಲಿ ಹೇಳುತ್ತಾರೆ. ಹಾಗಾಗಿ ಹೊಸ ಕೈ ಸೇರಿಸುವ ಮೊದಲು ಇಷ್ಟನ್ನು ನೋಡಿಸಿ: ಹಲ್ಲು, ಕಿವಿ, ಕಣ್ಣು, ಮಲಬದ್ಧತೆ, ಹೊಟ್ಟೆಯ ಉರಿ, ಚರ್ಮ, ಹೆಣ್ಣುಮಕ್ಕಳಿಗೆ ಮುಟ್ಟಿನ ನೋವು. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸಲೇಬೇಕು. ಮಲಬದ್ಧತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ದಿನ ಆಗದಿದ್ದರೆ, ಹೊಟ್ಟೆ ಬಿಗಿದಿದ್ದರೆ, ಅಥವಾ ಗಟ್ಟಿ ಮಲ ತಡೆದಿದ್ದು ನೀರಾಗಿ ಮಾತ್ರ ಹೊರಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕೊನೆಯದನ್ನು ಭೇದಿ ಎಂದುಕೊಂಡು ಭೇದಿ ನಿಲ್ಲುವ ಮದ್ದು ಕೊಡುವವರಿದ್ದಾರೆ. ಅದರಿಂದ ತೊಂದರೆ ಇಮ್ಮಡಿಯಾಗುತ್ತದೆ.

ಆಸ್ಪತ್ರೆಗೆ ಹೋಗುವಾಗ ಪುಸ್ತಕ ಕೈಯಲ್ಲಿರಲಿ. ಕಾಸರಗೋಡಿಗಾಗಲಿ ಮಂಗಳೂರಿಗಾಗಲಿ ಹೋದರೆ ಡಾಕ್ಟರಿಗೆ ಸಿಗುವುದು ಹತ್ತು ನಿಮಿಷ. ಅಷ್ಟರಲ್ಲಿ ಬಾಯಿಮಾತಿನ ವಿವರಣೆಗಿಂತ ಎರಡು ವಾರದ ಬರಹ ಹೆಚ್ಚು ಹೇಳುತ್ತದೆ. ಸಾಧ್ಯವಾದರೆ ಆ ನಡವಳಿಕೆಯ ಅರ್ಧ ನಿಮಿಷದ ವಿಡಿಯೊ ಕೂಡ ಇರಲಿ.

ಇಬ್ಬರಲ್ಲಿಯೂ, ಆಟಿಸಂ ಇರುವವರಲ್ಲಿ ಮತ್ತು ಬೌದ್ಧಿಕ ಅಂಗವಿಕಲತೆ ಇರುವವರಲ್ಲಿ, ಅಪಸ್ಮಾರ ಬೇರೆಯವರಿಗಿಂತ ಹೆಚ್ಚು. ಮನೆಯ ಪ್ರತಿಯೊಬ್ಬರಿಗೂ ಇಷ್ಟು ಬಾಯಿಪಾಠ ಬರಬೇಕು: ಸಮಯ ನೋಡಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯಡಿ ಬಟ್ಟೆ ಇಡಿ, ಸೆಳೆತ ಇಳಿಯುತ್ತಲೇ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ನೀರು, ಬೆರಳು ಏನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು ಬೇಡ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಂದು ಶುರುವಾದರೆ, ಕೂಡಲೇ ಗಾಡಿ ಹೊರಡಿಸಿ. ಅಪಸ್ಮಾರದ ಮಾತ್ರೆಯನ್ನು ಡಾಕ್ಟರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ.

## ಹಂತ 3: ಅವರ ಪುಸ್ತಕ ಬರೆಯಿರಿ

ಈಗ ಪುಸ್ತಕದ ಹಿಂದಿನ ಕಡೆಯಿಂದ ತಿರುಗಿಸಿ, ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಆ ವ್ಯಕ್ತಿಯ ಬಗ್ಗೆ ಬರೆಯಿರಿ. ಯಾವ ಹೆಸರಿನಲ್ಲಿ ಕರೆದರೆ ತಿರುಗುತ್ತಾರೆ, ಏನು ಇಷ್ಟ, ಏನು ಹೆದರಿಕೆ, ತಾನೇ ಏನೇನು ಮಾಡುತ್ತಾರೆ. ರೋಗದ ಹೆಸರು ಎರಡನೇ ಪುಟಕ್ಕೆ ಸಾಕು.

ನಮ್ಮ ಜಿಲ್ಲೆಯಲ್ಲಿ ಇಲ್ಲೊಂದು ವಿಶೇಷ ಕಷ್ಟ ಇದೆ. ಮನೆಯೊಳಗೆ ತುಳುವೋ ಹವ್ಯಕವೋ ಮರಾಠಿಯೋ ಬ್ಯಾರಿಯೋ. ಶಾಲೆಯಲ್ಲಿ ಕನ್ನಡ. ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷು. ಬರುವ ಆಯಾ ಕಣ್ಣೂರಿನವರಾದರೆ ಮಲಯಾಳ. ನಾಲ್ಕು ಭಾಷೆ ನಮಗೆ ತೊಂದರೆಯಲ್ಲ, ಹುಟ್ಟಿದಂದಿನಿಂದ ಹಾಗೆಯೇ ಬದುಕಿದ್ದೇವೆ. ಆದರೆ ಇಪ್ಪತ್ತೇ ಮಾತು ಗೊತ್ತಿರುವವರಿಗೆ "ಬೊಡ್ಚಿ" ಎಂಬುದು "ವೇಂಡ" ಆದ ದಿನ ತನ್ನ ಮಾತು ಯಾರಿಗೂ ತಾಗುತ್ತಿಲ್ಲ ಎಂದಾಗುತ್ತದೆ. ನಮ್ಮಲ್ಲಿಗೆ ಬಂದ ಎರಡನೆಯವರು ನಾಲ್ಕನೇ ದಿನಕ್ಕೆ ಹೋದದ್ದು ಇದೇ ಕಾರಣಕ್ಕೆ. ತಮ್ಮ ಇಪ್ಪತ್ತು ಸಲ ಬೇಡ ಎಂದ, ಅವರಿಗೆ ಅದು ಅರ್ಥವಾಗಲಿಲ್ಲ. ಇಪ್ಪತ್ತೊಂದನೇ ಸಲ ಕಚ್ಚಿದ.

ಹಾಗಾಗಿ ಒಂದು ಪುಟವನ್ನು ಪದಗಳಿಗೇ ಇಡಿ. ಎಡಗಡೆ ಅವರು ಹೇಳುವ ಮಾತು ಅಥವಾ ಮಾಡುವ ಸನ್ನೆ, ಬಲಗಡೆ ಅದರ ಅರ್ಥ, ಕೊನೆಗೆ ನಾವು ಏನು ಮಾಡಬೇಕು. ಬೇಕು, ಬೇಡ, ನೀರು, ನೋವು, ಬಚ್ಚಲು, ಸಾಕು, ಹೊರಗೆ, ಅಮ್ಮ: ಈ ಎಂಟು ಮೊದಲು. ಅವರದೇ ಹುಟ್ಟುಮಾತುಗಳಿದ್ದರೆ ಅದನ್ನೂ ಸೇರಿಸಿ. ನನ್ನ ತಮ್ಮ ಗಂಜಿಗೆ "ಮ್ಮೊ" ಅನ್ನುತ್ತಾನೆ, ಅಮ್ಮನಿಗೂ "ಮ್ಮೊ" ಅನ್ನುತ್ತಾನೆ. ಗಂಜಿಯಾದರೆ ಅಡುಗೆಮನೆ ಕಡೆ ನೋಡುತ್ತಾನೆ. ಇಂಥದ್ದನ್ನು ಬರೆಯದೆ ಇನ್ನೊಬ್ಬರಿಗೆ ಗೊತ್ತಾಗುವ ದಾರಿಯೇ ಇಲ್ಲ. ಬರುವವರಿಗೆ ಕನ್ನಡ ಓದಲು ಬಾರದಿದ್ದರೆ ಅದೇ ಪುಟವನ್ನು ಮಲಯಾಳದಲ್ಲಿಯೂ ಬರೆಸಿ. ಆದರೆ ಆ ವ್ಯಕ್ತಿಯ ಪದಗಳನ್ನು ಬದಲಿಸಬೇಡಿ. ಎಂಟು ಮಾತು ಕಲಿಯುವುದು ಹೊಸಬರಿಗೆ ಸುಲಭ.

ಊಟದ ಪುಟದಲ್ಲಿ ಗಂಟಲಿಗೆ ಸಿಕ್ಕುವ ಅಪಾಯ ಇದೆಯೇ ಎಂಬುದನ್ನು ಕೆಂಪಕ್ಷರದಲ್ಲಿ ಬರೆಯಿರಿ. ಬಾಯಿ ತುಂಬ ತುರುಕಿಕೊಳ್ಳುವ ಅಭ್ಯಾಸ ಇದ್ದರೆ, ಕುಳಿತೇ ಉಣ್ಣಬೇಕು, ಚಿಕ್ಕ ತುಂಡು ಮಾಡಿ ಕೊಡಬೇಕು, ಉಣ್ಣುವಾಗ ಪಕ್ಕದಲ್ಲಿ ಒಬ್ಬರಿರಬೇಕು.

## ಹಂತ 4: ಮನೆಯನ್ನು ಅವರ ಕಣ್ಣಿನಿಂದ ನೋಡಿ

ಆಟಿಸಂ ಇರುವ ಅನೇಕರಿಗೆ ನೀರೆಂದರೆ ತುಂಬ ಸೆಳೆತ, ಮತ್ತು ಹೇಳದೆ ಹೊರಟು ಹೋಗುವ ಅಭ್ಯಾಸವೂ ಇರುತ್ತದೆ. ನಮ್ಮ ಮನೆಗಳ ಸುತ್ತ ಇರುವುದೋ ಕಟ್ಟೆಯಿಲ್ಲದ ಬಾವಿ, ತೋಟದ ಕೆರೆ, ಮಳೆನೀರು ನಿಲ್ಲುವ ಮದಕ, ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ಬಾಯಿ, ಮಳೆಗಾಲಕ್ಕೆ ತುಂಬಿ ಹರಿಯುವ ತೋಡು. ಬಾವಿಗೆ ಕಬ್ಬಿಣದ ಬಲೆ, ಕೆರೆಗೆ ಬೇಲಿ, ಗೇಟಿಗೆ ಗಂಟೆ ಆಗದೆ ಹೊಸಬರ ಕೈಗೆ ಒಪ್ಪಿಸಬೇಡಿ. ಅಕ್ಕಪಕ್ಕದ ಐದು ಮನೆಗೆ ಹೋಗಿ, ಇವರು ಒಬ್ಬರೇ ಕಂಡರೆ ಫೋನು ಮಾಡಿ ಎಂದು ಹೇಳಿ ಬನ್ನಿ. ಕಾಣೆಯಾದ ದಿನ ಮೊದಲು ನೋಡಬೇಕಾದದ್ದು ರಸ್ತೆಯನ್ನಲ್ಲ, ನೀರಿರುವ ಜಾಗಗಳನ್ನು.

ಇನ್ನು ಹಟ್ಟಿ ಮತ್ತು ಕೊಟ್ಟಿಗೆಯ ಮೂಲೆ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ನೀಲಿ ಹರಳಿನಂತೆ ಹೊಳೆಯುತ್ತದೆ, ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಇರುವವರಿಗೆ ಕಲ್ಲುಸಕ್ಕರೆಯ ಹಾಗೆ ಕಾಣುತ್ತದೆ. ರಬ್ಬರು ಇರುವ ಮನೆಗಳಲ್ಲಿ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡನ್ನು ಕುಡಿಯುವ ನೀರಿನ ಬಾಟ್ಲಿಯಲ್ಲಿ ಸುರಿದಿಡುವುದನ್ನು ನಾನೇ ನೋಡಿದ್ದೇನೆ. ಎರಡಕ್ಕೂ ಬೀಗ ಹಾಕಿ. ಮಾತ್ರೆಗಳಿಗೂ ಹಾಗೆಯೇ.

ಸದ್ದು, ಬೆಳಕಿನ ವಿಚಾರವನ್ನೂ ನೋಡಿ. ಕುಂಬಳೆ ಜಾತ್ರೆಯ ಬೆಡಿ, ಅಂದರೆ ಸುಡುಮದ್ದು, ಕೇಳುವ ದೂರದಲ್ಲಿದ್ದರೆ, ಮನೆ ಹತ್ತಿರ ಭೂತದ ಕೋಲವೋ ಯಕ್ಷಗಾನ ಆಟವೋ ಇದ್ದರೆ, ಆ ರಾತ್ರಿ ಎಲ್ಲಿ ಮಲಗಬೇಕು ಎಂದು ಮೊದಲೇ ಗೊತ್ತುಮಾಡಿ. ಮನೆಯಲ್ಲಿ ಒಂದು ಮೂಲೆ ಅವರದ್ದೇ ಆಗಿರಲಿ. ಅಲ್ಲಿ ಕುಳಿತಾಗ ಯಾರೂ ಮಾತಾಡಿಸಬಾರದು.

## ಹಂತ 5: ಜನ ಹುಡುಕುವುದು

ಹೆಚ್ಚಿನವರು 24 ಗಂಟೆ ಮನೆಯಲ್ಲೇ ಇರುವ ಹೋಂ ನರ್ಸನ್ನೇ ಮೊದಲು ಹುಡುಕುತ್ತಾರೆ. ನನ್ನ ಅನುಭವದಲ್ಲಿ ಅದು ತಪ್ಪು ಆರಂಭ. ದಿನಕ್ಕೆ ಮೂರು ಗಂಟೆ ಬರುವ ನೆರೆಮನೆಯ ಅಕ್ಕ ಸಿಕ್ಕಿದರೆ ಅಲ್ಲಿಂದಲೇ ಶುರುಮಾಡಿ. ಭಾಷೆ ಗೊತ್ತು, ಮುಖ ಗೊತ್ತು, ಬೇಡವಾದರೆ ಬಿಡಲು ಇಬ್ಬರಿಗೂ ಸುಲಭ. ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಅಯಲ್‌ಕೂಟದಲ್ಲಿ, ಅಂಗನವಾಡಿ ಟೀಚರಲ್ಲಿ, ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ಬೌದ್ಧಿಕ ಅಂಗವಿಕಲತೆ ಇರುವವರಿಗಾಗಿ ನಡೆಯುವ ಬಡ್ಸ್ ಶಾಲೆ ನಿಮ್ಮ ಪಂಚಾಯತಿನಲ್ಲಿದ್ದರೆ ಅಲ್ಲಿನ ಟೀಚರಿಗೆ ಇಂಥ ಕೆಲಸ ಬಲ್ಲವರ ಪರಿಚಯ ಇರುತ್ತದೆ. 18 ದಾಟಿದವರಿಗೂ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿಬಂದರೂ ಅಮ್ಮನಿಗೆ ಉಸಿರಾಡಲು ಸಮಯ ಸಿಗುತ್ತದೆ. ಹಾಸಿಗೆ ಹಿಡಿದವರಾದರೆ ಮನೆಗೇ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ತಂಡದಲ್ಲಿ ಹೆಸರು ಬರೆಸಿ.

ಬರುವವರನ್ನು ಸಂಜೆ ಚಹಾದ ಹೊತ್ತಿಗೆ ಕರೆಯಿರಿ. ಮಾತಾಡುವುದಕ್ಕಿಂತ ಹೆಚ್ಚಾಗಿ ನೋಡಿ. ಒಳಗೆ ಬಂದವರು ಮೊದಲು ಯಾರನ್ನು ಮಾತಾಡಿಸುತ್ತಾರೆ? ನಿಮ್ಮ ಹತ್ತಿರ "ಇವನಿಗೆ ಏನಾಗಿದೆ" ಎಂದು ಕೇಳುತ್ತಾರೋ, ಅವನ ಕಡೆ ತಿರುಗಿ ಹೆಸರು ಹೇಳಿ ಸ್ವಲ್ಪ ದೂರದಲ್ಲಿ ಕುಳಿತುಕೊಳ್ಳುತ್ತಾರೋ? ಎರಡನೆಯವರಿಗೆ ಅನುಭವ ಕಡಿಮೆಯಿದ್ದರೂ ಅವರನ್ನೇ ಆರಿಸಿ. "ಹೇಳಿದ್ದು ಕೇಳದಿದ್ದರೆ ಏನು ಮಾಡುತ್ತೀರಿ" ಎಂದು ಕೇಳಿ. "ಎರಡು ಕೊಟ್ಟರೆ ಸರಿಯಾಗುತ್ತದೆ" ಎಂಬ ಉತ್ತರ ಬಂದರೆ, ನಗುತ್ತ ಹೇಳಿದ್ದರೂ, ಚಹಾ ಕುಡಿಸಿ ಕಳುಹಿಸಿಬಿಡಿ.

ಸ್ನಾನ, ಬಟ್ಟೆ ಬದಲಿಸುವುದಕ್ಕೆ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ಇರಲಿ. ಗಂಡಾಳು ಸಿಗುವುದು ಕಷ್ಟ, ಗೊತ್ತು. ನಮ್ಮಲ್ಲಿ ಸ್ನಾನದ ಹೊತ್ತಿಗೆ ದೊಡ್ಡಪ್ಪನ ಮಗ ಬರುತ್ತಾನೆ. ಸಂಬಳ, ರಜೆ, ಯಾವ ಕೆಲಸ ಇದೆ, ಯಾವುದು ಇಲ್ಲ ಎಂಬುದನ್ನು ಕಾಗದದಲ್ಲಿ ಬರೆಯಿರಿ. ಅಡಿಕೆ ಹೆಕ್ಕುವುದು, ಪಾತ್ರೆ ತೊಳೆಯುವುದು ಎಲ್ಲ ಅವರ ತಲೆಗೆ ಕಟ್ಟಿದರೆ ಆರೈಕೆಗೆ ಕೈ ಉಳಿಯುವುದಿಲ್ಲ. ಏಜೆನ್ಸಿ ಮೂಲಕ ಬಂದವರಾದರೆ ಗುರುತಿನ ಚೀಟಿಯ ಪ್ರತಿ ಪಡೆದು, ಹಿಂದೆ ಕೆಲಸ ಮಾಡಿದ ಮನೆಗೆ ನೀವೇ ಫೋನು ಮಾಡಿ.

## ಹಂತ 6: ಹನ್ನೆರಡು ದಿನದ ಒಪ್ಪಿಸುವಿಕೆ

ಈ ಹಂತವನ್ನೇ ಜನ ಒಂದು ಗಂಟೆಯಲ್ಲಿ ಮುಗಿಸುವುದು. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ಮೂರು ದಿನ ಹೊಸಬರು ಏನೂ ಮಾಡಬಾರದು. ಜಗಲಿಯಲ್ಲಿ ಕುಳಿತು ನೋಡಲಿ, ಪುಸ್ತಕ ಓದಲಿ, ಆ ವ್ಯಕ್ತಿಗೆ ಇಷ್ಟವಾದ ಒಂದೇ ಒಂದು ವಸ್ತು ಕೊಡಲಿ. ಹತ್ತಿರ ಬರುವುದು ಆ ವ್ಯಕ್ತಿಯ ಇಷ್ಟ. ನಾಲ್ಕರಿಂದ ಆರನೇ ದಿನ ಅಮ್ಮ ಮಾಡುತ್ತಾರೆ, ಹೊಸಬರು ಸಾಮಾನು ಎತ್ತಿಕೊಡುತ್ತಾರೆ. ಏಳರಿಂದ ಒಂಬತ್ತು, ಹೊಸಬರು ಮಾಡುತ್ತಾರೆ, ಅಮ್ಮ ಪಕ್ಕದಲ್ಲಿ ಬಾಯಿಮುಚ್ಚಿ ನಿಲ್ಲುತ್ತಾರೆ. ಈ ಮೂರು ದಿನ ಅಮ್ಮಂದಿರಿಗೆ ಬಹಳ ಕಷ್ಟ. ಕೈ ತಾನಾಗಿ ಮುಂದೆ ಹೋಗುತ್ತದೆ. ಅಪಾಯ ಇಲ್ಲದಿದ್ದರೆ ತಡೆದುಕೊಳ್ಳಿ. ಅಂಗಿಯ ಗುಂಡಿ ಕೆಳಗೆ ಮೇಲೆ ಆದರೂ ಪರವಾಗಿಲ್ಲ. ಹತ್ತನೇ ದಿನ ಅರ್ಧ ಗಂಟೆ, ಹನ್ನೊಂದನೇ ದಿನ ಒಂದು ಗಂಟೆ, ಹನ್ನೆರಡನೇ ದಿನ ಎರಡು ಗಂಟೆ ಅಮ್ಮ ಮನೆಯಿಂದ ಹೊರಗೆ.

ಹೊರಡುವಾಗ ಕಣ್ಣು ತಪ್ಪಿಸಿ ಹೋಗಬೇಡಿ. ಗಡಿಯಾರ ತೋರಿಸಿ, ಅಮ್ಮನ ಫೋಟೊವನ್ನು ಬಸ್ಸಿನ ಫೋಟೊದ ಪಕ್ಕ ಅಂಟಿಸಿ, ಮುಳ್ಳು ಇಲ್ಲಿಗೆ ಬಂದಾಗ ಬರುತ್ತೇನೆ ಎಂದು ಹೇಳಿ, ಆ ಹೊತ್ತಿಗೇ ಬನ್ನಿ. ಒಮ್ಮೆ ಕದ್ದು ಹೋದರೆ ಆಮೇಲೆ ತಿಂಗಳುಗಟ್ಟಲೆ ಸೆರಗು ಬಿಡುವುದಿಲ್ಲ.

ಎಚ್ಚರಿಕೆಯ ಗುರುತು: ಯಾವ ಹಂತದಲ್ಲಾದರೂ ನಿದ್ದೆ ಎರಡು ರಾತ್ರಿ ಕೆಟ್ಟರೆ ಅಥವಾ ಊಟ ಅರ್ಧಕ್ಕೆ ಇಳಿದರೆ ಹಿಂದಿನ ಮೂರು ದಿನಕ್ಕೆ ಮರಳಿ. ಹನ್ನೆರಡು ಹದಿನೆಂಟಾದರೆ ನಷ್ಟವೇನಿಲ್ಲ.

## ಹಂತ 7: ಅವರಿಗೋಸ್ಕರ ಮಾಡುವುದು ಬೇಡ, ಅವರ ಜೊತೆ ಮಾಡಿ

ಒಳ್ಳೆಯ ಮನಸ್ಸಿನ ಆಯಾ ಕೂಡ ಇಲ್ಲಿ ತಪ್ಪುತ್ತಾರೆ. ಬೇಗ ಮುಗಿಯಲಿ ಎಂದು ತಾವೇ ಉಣ್ಣಿಸುತ್ತಾರೆ, ತಾವೇ ಬಟ್ಟೆ ಹಾಕುತ್ತಾರೆ. ಆರು ತಿಂಗಳಲ್ಲಿ, ತಾನೇ ಉಣ್ಣುತ್ತಿದ್ದವರು ಬಾಯಿ ತೆರೆದು ಕಾಯುವ ಹಾಗಾಗುತ್ತದೆ.

ಕಲಿಸುವಾಗ ಕೊನೆಯ ಮೆಟ್ಟಿಲಿನಿಂದ ಶುರುಮಾಡಿ. ಅಂಗಿ ಹಾಕುವುದಾದರೆ ತೋಳು, ಕಾಲರು, ಮೇಲಿನ ಗುಂಡಿಗಳೆಲ್ಲ ನೀವು ಮಾಡಿ, ಕೊನೆಯ ಗುಂಡಿಯನ್ನು ಮಾತ್ರ ಅವರ ಬೆರಳಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಮಾಡಿದರೆ ಪ್ರತಿದಿನವೂ ಕೆಲಸ ಮುಗಿಸಿದವರು ಅವರೇ ಆಗುತ್ತಾರೆ. ನನ್ನ ತಮ್ಮ ಕೊನೆಯ ಗುಂಡಿಗೆ ಏಳು ವಾರ ತೆಗೆದುಕೊಂಡ. ಹಾಕಿದ ದಿನ ಹೊಟ್ಟೆಯ ಮೇಲೆ ಕೈಯಿಟ್ಟು ಆ ಗುಂಡಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತ ಅಂಗಳದಲ್ಲಿ ನಿಂತಿದ್ದ.

ಮಾತು ಚಿಕ್ಕದಿರಲಿ. "ಬೇಗ ಬಾ ಸ್ನಾನ ಮಾಡಿ ಆಮೇಲೆ ಚಹಾ ಕುಡಿಯುವ" ಎಂಬುದು ನಾಲ್ಕು ಅಪ್ಪಣೆ. ಬಚ್ಚಲ ಫೋಟೊ ತೋರಿಸಿ "ಸ್ನಾನ" ಎನ್ನಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಐದಕ್ಕೇ ಮತ್ತೆ ಹೇಳಿದರೆ, ಅರ್ಥ ಮಾಡಿಕೊಳ್ಳುತ್ತಿದ್ದ ಮನಸ್ಸು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ದಿನಕ್ಕೆ ಕಡಿಮೆಯೆಂದರೆ ಮೂರು ಕಡೆ ಆಯ್ಕೆ ಕೊಡಿ: ಯಾವ ಅಂಗಿ, ಯಾವ ತಿಂಡಿ, ಯಾವ ದಾರಿಯಲ್ಲಿ ನಡಿಗೆ. ಆರಿಸಿದ್ದನ್ನು ಕೊಡಲೇಬೇಕು.

## ಹಂತ 8: ಸಿಟ್ಟು ಏರಿದಾಗ

ಏರುವ ಮೊದಲು ಗುರುತು ಸಿಗುತ್ತದೆ. ಕೆಲವರು ಬೇಗಬೇಗ ನಡೆಯುತ್ತಾರೆ, ಕೆಲವರಿಗೆ ಕಿವಿ ಕೆಂಪಾಗುತ್ತದೆ, ನನ್ನ ತಮ್ಮ ಅಂಗಿಯ ತುದಿ ಕಚ್ಚುತ್ತಾನೆ. ಆ ಗುರುತು ಪುಸ್ತಕದಲ್ಲಿರಲಿ. ಆಗಲೇ ಸದ್ದು ಇಳಿಸಿ, ಜನ ಸರಿಸಿ, ಹೇಳುತ್ತಿದ್ದ ಕೆಲಸ ಅಲ್ಲಿಗೇ ಬಿಡಿ.

ಏರಿದ ಮೇಲೆ ಕಲಿಸುವುದು, ಕೇಳುವುದು, ಗದರುವುದು ಯಾವುದೂ ಒಳಗೆ ಹೋಗುವುದಿಲ್ಲ. ಒಬ್ಬರು ಮಾತ್ರ ಹತ್ತಿರ ಇರಿ, ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ, ಬಾಗಿಲಿನ ದಾರಿ ತೆರೆದಿರಲಿ. ತಲೆ ಗೋಡೆಗೆ ಬಡಿಯುತ್ತಿದ್ದರೆ ನಡುವೆ ದಿಂಬು ಹಿಡಿಯಿರಿ. ಇಳಿದ ಮೇಲೆ ನೀರು ಕೊಡಿ, ಅರ್ಧ ಗಂಟೆ ಬಿಡಿ, ಆಮೇಲೆ ಬರೆಯಿರಿ.

ಕಟ್ಟಿಹಾಕುವುದು, ಕೋಣೆಗೆ ಬೀಗ ಹಾಕುವುದು, ಮೆಣಸಿನ ಹುಡಿ ತೋರಿಸಿ ಹೆದರಿಸುವುದು, ಊಟ ಇಲ್ಲ ಎನ್ನುವುದು ಆರೈಕೆಯಲ್ಲ, ದೌರ್ಜನ್ಯ. ಮನೆಯವರು ಮಾಡಿದರೂ ಹಾಗೆಯೇ. ಹೊಸಬರಿಗೆ ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಿ. ಮಲಗಿಸುವ ಮಾತ್ರೆಯನ್ನು ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಚೂರೂ ಹೆಚ್ಚು ಕೊಡಬಾರದು. ಸಿಟ್ಟು, ಚಡಪಡಿಕೆ ಇಳಿಸಲು ಕೊಡುವ ರಿಸ್ಪೆರಿಡೋನ್‌ನಂಥ ಮದ್ದು ತೆಗೆದುಕೊಳ್ಳುವವರ ತೂಕ ತಿಂಗಳಿಗೊಮ್ಮೆ ನೋಡಿ. ತೂಕ ಏರುತ್ತಿದ್ದರೆ, ಹಗಲು ತೂಕಡಿಕೆ ಇದ್ದರೆ, ಈ ಮದ್ದು ಈಗಲೂ ಬೇಕೇ ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

## ಹಂತ 9: ವಾರಕ್ಕೊಮ್ಮೆ ಆರೈಕೆಯ ಗುಣಮಟ್ಟ ನೋಡಿ

"ಈಗ ಸುಮ್ಮನಿದ್ದಾನೆ" ಎಂಬುದನ್ನು ಎಲ್ಲರೂ ಒಳ್ಳೆಯ ಸುದ್ದಿಯೆಂದು ಹೇಳುತ್ತಾರೆ. ನನಗೆ ಆ ಮಾತು ಕೇಳಿದರೆ ಎದೆ ಹಾರುತ್ತದೆ. ಸುಮ್ಮನಿರುವುದು ಹೆದರಿಕೆಯಿಂದಲೂ ಆಗಬಹುದು, ಮಾತ್ರೆಯಿಂದಲೂ, ಬೇಸರದಿಂದಲೂ. ನೆಲ ಹೊಳೆಯುತ್ತಿದೆ, ಬಟ್ಟೆ ಇಸ್ತ್ರಿಯಾಗಿದೆ ಎಂಬುದರಿಂದಲೂ ಏನೂ ಗೊತ್ತಾಗುವುದಿಲ್ಲ.

ಭಾನುವಾರ ಹತ್ತು ನಿಮಿಷ ಪುಸ್ತಕದ ಮುಂದೆ ಕುಳಿತು ನಾಲ್ಕು ಲೆಕ್ಕ ಹಾಕಿ. ಈ ವಾರ ತಾನೇ ಮಾಡಿದ ಕೆಲಸ ಎಷ್ಟು? ಗೇಟಿನ ಹೊರಗೆ ಎಷ್ಟು ಸಲ ಹೋದರು? ಮನೆಯವರು, ಆಯಾ ಬಿಟ್ಟು ಬೇರೆ ಎಷ್ಟು ಜನರನ್ನು ಕಂಡರು? ಅವರು ಬೇಡ ಎಂದದ್ದನ್ನು ನಾವು ಎಷ್ಟು ಸಲ ಒಪ್ಪಿದೆವು? ನಾಲ್ಕೂ ಸೊನ್ನೆಯ ಕಡೆ ಇಳಿಯುತ್ತಿದ್ದರೆ, ಮನೆ ಎಷ್ಟು ಶಾಂತವಾಗಿದ್ದರೂ ಆರೈಕೆ ಕೆಡುತ್ತಿದೆ.

ಹೇಳದೆ ಒಂದೆರಡು ಸಲ ಬೇರೆ ಹೊತ್ತಿಗೆ ಮನೆಗೆ ಬನ್ನಿ. ಸ್ನಾನದ ಹೊತ್ತಿಗೆ ಮೈ ನೋಡಿ. ತೋಳಿನ ಒಳಭಾಗದಲ್ಲಿ, ತೊಡೆಯಲ್ಲಿ, ಕಿವಿಯ ಹಿಂದೆ ಕಲೆ. ಕೈ ಎತ್ತಿದರೆ ಮುಖ ಮುಚ್ಚಿಕೊಳ್ಳುವುದು. ಒಬ್ಬರು ಬಂದ ಕೂಡಲೇ ಮೂಲೆ ಸೇರುವುದು. ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು. ಬಟ್ಟೆ ಬಿಚ್ಚಲು ಬಿಡದಿರುವುದು. ಇವುಗಳಲ್ಲಿ ಯಾವುದು ಕಂಡರೂ ಅಂದೇ ಆ ಕೈಯನ್ನು ದೂರವಿಟ್ಟು ಡಾಕ್ಟರಿಗೆ ತೋರಿಸಿ, ಫೋಟೊ ತೆಗೆದಿಡಿ. ಮಕ್ಕಳಾದರೆ 1098ಕ್ಕೆ, ತುರ್ತಿಗೆ 112ಕ್ಕೆ ಫೋನು ಮಾಡಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ದೌರ್ಜನ್ಯದ ಬಗ್ಗೆ ಯಾರು ಬೇಕಾದರೂ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. "ಊರಲ್ಲಿ ಹೆಸರು ಹೋಗುತ್ತದೆ" ಎಂದು ಮುಚ್ಚಿಡಬೇಡಿ.

## ಹಂತ 10: ಕಾಗದಪತ್ರ

ಮೊದಲು ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು. ಸರ್ಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಸವಲತ್ತುಗಳ ದಾರಿ ತೆರೆಯುತ್ತದೆ. ಇದಾದ ಮೇಲೆ ಪಿಂಚಣಿ. ಪೂರ್ಣ ಸಮಯ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ ಆಶ್ವಾಸಕಿರಣಂ, ಇದಕ್ಕೆ ಅಂಗನವಾಡಿಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ, ಮಿತಿ 1 ಲಕ್ಷ ರೂಪಾಯಿ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿರುವವರ ನೆರವು ಬೇರೆ ಹಾದಿಯದು, ಅದನ್ನು ಇದರೊಂದಿಗೆ ಬೆರೆಸಿ ಗೊಂದಲ ಮಾಡಿಕೊಳ್ಳಬೇಡಿ.

ನಮ್ಮ ಗಡಿನಾಡಿನ ಅರ್ಜಿಗಳು ಹಿಂದೆ ಬರುವುದು ಹೆಸರಿನ ಕಾರಣಕ್ಕೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಮಲಯಾಳ ಉಚ್ಚಾರದ ಇನ್ನೊಂದು, ಆಧಾರಿನಲ್ಲಿ ಮನೆಹೆಸರು ಸೇರಿ ಮತ್ತೊಂದು. ಮೊದಲು ಆಧಾರ್ ಸರಿಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಇಲ್ಲಿನ ಭಾಷಾ ಅಲ್ಪಸಂಖ್ಯಾತರು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡಬಹುದು, ಅದು ನಮ್ಮ ಹಕ್ಕು.

18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಅವರು ವಯಸ್ಕರು. ಪೋಷಕತ್ವ ಬೇಕೇ, ಬೇಕಾದರೆ ಯಾವ ವಿಷಯಕ್ಕೆ ಎಂದು ಯೋಚಿಸಿ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ. ಅಪ್ಪ ಅಮ್ಮ ಇರುವಾಗಲೇ, ಅವರ ನಂತರ ಯಾರು ಎಂಬುದನ್ನು ಮನೆಯೊಳಗೆ ಮಾತಾಡಿ ಮುಗಿಸಿ.

## ಹಂತ 11: ಮೊದಲ ರಾತ್ರಿ

ಎರಡು ತಿಂಗಳಾದ ಮೇಲೆ ಅಮ್ಮ ಒಂದು ರಾತ್ರಿ ಬೇರೆ ಕಡೆ ಮಲಗಬೇಕು. ತುರ್ತು ಬರುವ ಮೊದಲೇ, ಏನೂ ತುರ್ತಿಲ್ಲದ ದಿನ. ಅಮ್ಮನಿಗೇ ಜ್ವರ ಬಂದು ಆಸ್ಪತ್ರೆ ಸೇರಿದ ರಾತ್ರಿ ಇದನ್ನು ಮೊದಲ ಸಲ ಮಾಡಬೇಕಾಗಿ ಬಂದರೆ ಇಬ್ಬರೂ ಬಸವಳಿಯುತ್ತಾರೆ.

ಮಳೆಗಾಲ ಬೇಡ, ಕರೆಂಟಿನ ಭರವಸೆಯಿಲ್ಲ. ಹಬ್ಬದ ವಾರವೂ ಬೇಡ. ಮಾತ್ರೆ ಡಬ್ಬಿ ತುಂಬಿಸಿಡಿ, ಡಾಕ್ಟರು, ಆಟೋ, ಪಕ್ಕದ ಮನೆ, ಈ ಮೂರು ನಂಬರು ಗೋಡೆಗೆ ಅಂಟಿಸಿ, ಅಮ್ಮ ಉಟ್ಟು ಬಿಟ್ಟ ಸೀರೆಯೊಂದನ್ನು ಹಾಸಿಗೆಯ ಪಕ್ಕ ಮಡಚಿಡಿ. ಫೋನು ಎರಡೇ ಸಲ, ಊಟಕ್ಕೆ ಮೊದಲು ಒಮ್ಮೆ, ಬೆಳಿಗ್ಗೆ ಒಮ್ಮೆ. ವಿಡಿಯೊ ಕಾಲ್ ಬೇಡ, ಮುಖ ಕಂಡು ಕೈಗೆ ಸಿಗದಿದ್ದರೆ ಅವರಿಗೆ ಇನ್ನೂ ಕಷ್ಟ.

ಮರುದಿನ ಬಂದ ಕೂಡಲೇ "ಹೇಗಿದ್ದ" ಎಂದು ಕೇಳುವ ಬದಲು ಪುಸ್ತಕ ತೆರೆಯಿರಿ. ನಮ್ಮ ಅಮ್ಮ ಸೀತಾಂಗೋಳಿಯ ತಂಗಿಯ ಮನೆಯಿಂದ ಬೆಳಗಿನ ಬಸ್ಸಿಗೇ ಬಂದು, ಕಾಲು ತೊಳೆಯದೆ ಜಗಲಿಯಲ್ಲಿ ಕುಳಿತು ಓದಿದ್ದು ಇದು, ಆಯಾನ ಅಕ್ಷರದಲ್ಲಿ: "8.15 ಗಂಜಿ. ಎರಡು ಸಲ ಮ್ಮೊ ಅಂದ, ಬಾಗಿಲು ನೋಡಿದ. ಗಡಿಯಾರ ತೋರಿಸಿದೆ. 9.00 ತಟ್ಟೆ ತಾನೇ ತೊಳೆದ. 11.20 ಎದ್ದ, ಸೀರೆ ಎಳೆದುಕೊಂಡ. 11.40 ನಿದ್ದೆ. 6.10 ಎದ್ದ. ಅಂಗಿಯ ಗುಂಡಿ ಮೂರು ಹಾಕಿದ."